ಹದಿನೆಂಟನೆಯ ಕಾಲರ್

ಕಾರ್ಖಾನೆಯಲ್ಲಿ ನನ್ನ ಹೆಸರು ಮಾದೇಶ ಎಂದು ಸರಿಯಾಗಿ ಗೊತ್ತಿದ್ದದ್ದು ಹಾಜರಿ ಹಾಕುವವನಿಗೆ ಮಾತ್ರ. ಉಳಿದವರೆಲ್ಲ ಗಡಿಯಾರದಪ್ಪ ಎನ್ನುತ್ತಿದ್ದರು. ಎದುರಿಗೆ ಅನ್ನುತ್ತಿರಲಿಲ್ಲ, ಬೆನ್ನ ಹಿಂದೆ ಅನ್ನುತ್ತಿದ್ದರು, ಆದರೆ ನನಗೆ ಕೇಳಿಸುವಷ್ಟು ಹತ್ತಿರದಲ್ಲಿ. ಶರ್ಟಿನ ಒಂದು ಕಾಲರ್ ಹೊಲಿಯಲು ಎಷ್ಟು ಸೆಕೆಂಡು ಬೇಕು, ಅದರಲ್ಲಿ ಎಷ್ಟು ಸೆಕೆಂಡು ದಂಡ ಎಂದು ಅಳೆಯುವುದೇ ನನ್ನ ಕಸುಬಾಗಿದ್ದರಿಂದ ಆ ಹೆಸರಿಗೆ ನಾನು ಬೇಸರ ಮಾಡಿಕೊಂಡಿರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಹೆಮ್ಮೆಯೂ ಇತ್ತು.

ನಮ್ಮದು ಮದ್ದೂರಿನ ಆಚೆ ಹೆದ್ದಾರಿಗೆ ಅಂಟಿಕೊಂಡ ಉಡುಪು ಕಾರ್ಖಾನೆ. ಕಾಲರ್ ವಿಭಾಗದಲ್ಲಿ ಆರು ಸಾಲು, ಸಾಲಿಗೆ ಹದಿನೆಂಟು ಯಂತ್ರ, ಒಟ್ಟು ನೂರ ಎಂಟು ಹೆಂಗಸರು. ಅವರಲ್ಲಿ ಒಬ್ಬಳು ನನ್ನ ಹೆಂಡತಿ ಜಯಶೀಲ. ಮೂರನೆಯ ಸಾಲಿನ ಬಲತುದಿಯ ಮೊದಲ ಯಂತ್ರ ದೇವೀರಮ್ಮನದು, ಅವಳ ಎಡಕ್ಕೆ ಎರಡನೆಯದು ನನ್ನವಳದು.

ದೇವೀರಮ್ಮನಿಗೆ ಐವತ್ತರ ಮೇಲಾಗಿತ್ತು. ಉಳಿದವರು ಗಂಟೆಗೆ ನಲವತ್ತಾರು ಕಾಲರ್ ಹೊಲಿದರೆ ಇವಳು ಎಪ್ಪತ್ತು ದಾಟಿಸುತ್ತಿದ್ದಳು, ಅದೂ ಎಲೆ ಅಡಿಕೆ ಜಗಿಯುತ್ತ, ಪಕ್ಕದವಳ ಮಗನ ಪರೀಕ್ಷೆಯ ವಿಚಾರ ಕೇಳುತ್ತ. ಅವಳ ಕೈ ಬಟ್ಟೆಯನ್ನು ಎಳೆಯುತ್ತಿರಲಿಲ್ಲ. ಬಟ್ಟೆಗೇ ಹೋಗುವ ದಾರಿ ಗೊತ್ತಿದೆಯೇನೋ ಎನ್ನುವಂತೆ ಬಿಟ್ಟುಕೊಡುತ್ತಿತ್ತು.

ಆ ಕೈಯನ್ನೇ ಎಲ್ಲರಿಗೂ ಕೊಟ್ಟರೆ ಹೇಗೆ ಎಂಬುದು, ಹೊಲಿಗೆಯ ವೇಗ ಹೆಚ್ಚಿಸಲೆಂದೇ ಕಂಪನಿ ಇಟ್ಟಿದ್ದ ನಮ್ಮ ಪ್ರಯೋಗಾಲಯಕ್ಕೆ ಹೊಳೆದ ವಿಚಾರ. ವಿಧಾನ ಸರಳವಾಗಿತ್ತು. ಮೊಣಕೈವರೆಗೆ ಬರುವ ತೆಳುವಾದ ಕೈಗವಸೊಂದನ್ನು ದೇವೀರಮ್ಮನಿಗೆ ಒಂಬತ್ತು ದಿನ ತೊಡಿಸಿದೆವು. ಯಾವ ಸ್ನಾಯು ಯಾವ ಕ್ಷಣಕ್ಕೆ ಬಿಗಿಯುತ್ತದೆ, ಎಷ್ಟು ಬಿಗಿಯುತ್ತದೆ ಎಂಬುದೆಲ್ಲ ಅದರಲ್ಲಿ ದಾಖಲಾಯಿತು. ಆ ದಾಖಲೆಯನ್ನು ಶುದ್ಧ ಮಾಡಿ ಒಂದು ಅಚ್ಚು ತಯಾರಿಸಿದೆವು. ಅಚ್ಚನ್ನು ಮಣಿಕಟ್ಟಿನ ಪಟ್ಟಿಗಳಿಗೆ ತುಂಬಿದೆವು. ಪಟ್ಟಿ ಕಟ್ಟಿಕೊಂಡವಳ ಸ್ನಾಯುವಿಗೆ ಅದು ಸಣ್ಣ ಮಿಡಿತ ಕೊಡುತ್ತದೆ, ಕೈ ತಾನಾಗಿಯೇ ಹೊರಟಿತು ಅನ್ನಿಸುತ್ತದೆ. ಅಚ್ಚು ಬಿಟ್ಟು ಕೈ ಬೇರೆ ಕಡೆ ಹೋದರೆ ಅದೇ ಮಿಡಿತ ಹಿಂದಕ್ಕೆಳೆಯುತ್ತದೆ. ಸಾಲು ಸಾಲೇ ಒಂದೇ ಲಯಕ್ಕೆ ನಡೆಯಲೆಂದು ಎಲ್ಲ ಪಟ್ಟಿಗಳನ್ನೂ ಒಂದಕ್ಕೊಂದು ಜೋಡಿಸಿದ್ದೆವು. ಕಂಪನಿ ಇದಕ್ಕೆ ದೊಡ್ಡ ಹೆಸರಿಟ್ಟಿತು. ಹೆಂಗಸರು ಬಳೆ ಎಂದರು. ಗಾಜಿನ ಬಳೆ ಬಿಚ್ಚಿಟ್ಟು ಇದನ್ನು ತೊಡಬೇಕಾಗಿತ್ತಲ್ಲ, ಅದಕ್ಕೆ.

ಶುದ್ಧ ಮಾಡುವ ಕೆಲಸ ನನ್ನದು. ಮೂಗು ಒರೆಸಿದ್ದು, ಸೆರಗು ಸರಿಮಾಡಿದ್ದು, ಎಲೆಗೆ ಸುಣ್ಣ ಹಚ್ಚಿದ್ದು ಎಲ್ಲವನ್ನೂ ತೆಗೆದುಹಾಕಿದೆ. ಕೊನೆಗೊಂದು ಚಲನೆ ಉಳಿಯಿತು. ಪ್ರತಿ ಹದಿನೆಂಟನೆಯ ಕಾಲರ್ ಆದಮೇಲೆ ಅವಳ ಎಡಗೈ ಬಟ್ಟೆ ಬಿಟ್ಟು ಹೊರಗೆ ಹೋಗಿ ವಾಪಸು ಬರುತ್ತಿತ್ತು, ಮೂರು ಸೆಕೆಂಡು. ಬಹುಶಃ ಬೆನ್ನು ಕೆರೆದುಕೊಳ್ಳುತ್ತಾಳೆ ಎಂದುಕೊಂಡು ಅದನ್ನೂ ಕತ್ತರಿಸಿದೆ. ನೂರ ಎಂಟು ಜನಕ್ಕೆ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು ಮೂರು ಗಂಟೆ ಉಳಿಯುತ್ತದೆ ಎಂದು ವರದಿಯಲ್ಲಿ ಅಡಿಗೆರೆ ಎಳೆದು ಬರೆದೆ.

ಆ ಒಂಬತ್ತು ದಿನ ನಾನು ದೇವೀರಮ್ಮನಿಂದ ಮೂರು ಮಾರು ದೂರದಲ್ಲಿ ಪರದೆ ಇಟ್ಟುಕೊಂಡು ಕೂತಿದ್ದೆ. ತಲೆ ಎತ್ತಿದ್ದರೆ ಆ ಕೈ ಎಲ್ಲಿಗೆ ಹೋಗುತ್ತಿದೆ ಎಂದು ಕಾಣುತ್ತಿತ್ತು. ಎತ್ತಲಿಲ್ಲ. ಎತ್ತಿದರೆ ಪಕ್ಕದಲ್ಲಿ ಹೆಂಡತಿ ಕಾಣುತ್ತಾಳೆ, ಗಡಿಯಾರದಪ್ಪ ಕೆಲಸದ ಹೊತ್ತಲ್ಲಿ ಹೆಂಡ್ತಿ ಮುಖ ನೋಡ್ತಾವನೆ ಎಂದು ಸಾಲಿಗೆ ಸಾಲೇ ಮುಸಿಮುಸಿ ನಗುತ್ತದೆ. ಆ ನಗೆಗೆ ಹೆದರಿ ನಾನು ಪರದೆಯ ಮೇಲಿನ ಗೆರೆಗಳನ್ನಷ್ಟೇ ನೋಡಿದೆ.

ಕಾರಹುಣ್ಣಿಮೆಯ ಹೊತ್ತಿಗೆ ಬಳೆಗಳು ಬಂದವು. ವಾರದಲ್ಲೇ ಎಲ್ಲರೂ ಎಪ್ಪತ್ತೊಂದಕ್ಕೆ ಬಂದರು. ದೇವೀರಮ್ಮನಿಗೆ ಶಾಲು ಹೊದಿಸಿ, ಒಂದು ಕುಕ್ಕರ್ ಕೊಟ್ಟು, ಅವಳ ಫೋಟೋವನ್ನು ಊಟದ ಹಾಲಿನಲ್ಲಿ ತೂಗುಹಾಕಿದರು. ಬಳೆ ತೊಟ್ಟು ಕಷ್ಟಪಟ್ಟವಳು ಅವಳೊಬ್ಬಳೇ ಎಂಬುದು ವಿಚಿತ್ರ. ನಾಲ್ಕನೆಯ ದಿನ, ಮೇಲಿನಿಂದ ಸಾಲುಗಳನ್ನು ನೋಡುವ ನಮ್ಮ ಗಾಜಿನ ಕೋಣೆಗೆ ಬಂದು ಎರಡೂ ಕೈಯನ್ನು ನನ್ನ ಮೇಜಿನ ಮೇಲಿಟ್ಟಳು.

"ಏನ್ ಸಾ, ಇದು ನನ್ ಕೈಯಂತಾ?"

"ನಿನ್ನದೇ ಕಣಮ್ಮ. ನೂರಕ್ಕೆ ನೂರು."

"ನನ್ ಕೈ ಇಂಗಿಲ್ಲ ಕಣ್ ಸಾ. ಏನೋ ಕಿತ್ಕಂಡಿದೀರಿ ನೀವು."

ಅದೇನು ಎಂದು ಕೇಳಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ, ಹೇಳಬಾರದ್ದು ಬಾಯಿಗೆ ಬಂದವಳಂತೆ ನುಂಗಿಕೊಂಡು, ಬಿಡಿ ಎಂದು ಎದ್ದು ಹೋದಳು. ಉದ್ಯೋಗಿ ಸಂಬಂಧ ಸಮಿತಿಯ ಪುಸ್ತಕದಲ್ಲಿ ನಾನು, ದೂರು ಅಸ್ಪಷ್ಟ, ಸಮಾಧಾನ ಹೇಳಲಾಗಿದೆ, ಎಂದು ಬರೆದೆ. ಅವಳು ಆ ತಿಂಗಳೇ ಕೆಲಸ ಬಿಟ್ಟಳು. ದಸರಾ ಹೊತ್ತಿಗೆ ಜ್ವರ ಬಂದು ತೀರಿಕೊಂಡಳೆಂದು ಸುದ್ದಿ ಬಂತು. ಊಟದ ಹಾಲಿನ ಫೋಟೋಕ್ಕೆ ಯಾರೋ ಹಾರ ಹಾಕಿದರು. ಅವಳ ಯಂತ್ರದ ಮುಂದೆ ಯಾರೂ ಕೂರಲಿಲ್ಲ, ಅದಕ್ಕೆ ಹೊದಿಕೆ ಮುಚ್ಚಿಟ್ಟೆವು.

ನಮ್ಮ ಮನೆಗೂ ಆ ಮಳೆಗಾಲ ಒಳ್ಳೆಯದು ಮಾಡಲಿಲ್ಲ. ಬಳೆ ಬಂದ ಮೂರು ವಾರಕ್ಕೆ ಜಯಶೀಲಳ ಐದು ತಿಂಗಳ ಬಸಿರು ಹೋಯಿತು. ಇದೆಲ್ಲ ಆಗುತ್ತದೆ, ವಯಸ್ಸಿದೆ ಎಂದರು ಡಾಕ್ಟರು. ನಾನೂ ಅದನ್ನೇ ಹೇಳಿದೆ. ಅವಳು ಹತ್ತು ದಿನ ಮಲಗಿದ್ದು ಎದ್ದು ಕೆಲಸಕ್ಕೆ ಹೋದಳು. ಆಮೇಲೆ ಆ ಮಾತನ್ನು ನಾವಿಬ್ಬರೂ ಎತ್ತಲಿಲ್ಲ.

ಅವರೆಕಾಯಿ ಕಾಲ ಬಂದಾಗ ಕೈಗಳು ತಪ್ಪತೊಡಗಿದವು.

ಮೊದಲು ಒಬ್ಬಿಬ್ಬರು, ಆಮೇಲೆ ಒಂದು ಸಾಲು, ಆಮೇಲೆ ಎಲ್ಲರೂ. ಕೈ ಅಚ್ಚು ಬಿಟ್ಟು ಆಚೆ ಹೋದರೆ ಪರದೆಯ ಮೇಲೆ ಕೆಂಪು ಚುಕ್ಕೆ ಮೂಡುತ್ತದೆ, ಅದನ್ನು ನಾವು ಅಡ್ಡಗೈ ಎನ್ನುತ್ತೇವೆ. ಸಲ್ಡಾನ ಸಾಹೇಬರು ನನ್ನನ್ನು ಗಾಜಿನ ಕೋಣೆಗೆ ಕರೆಸಿದರು. ಮಂಗಳೂರಿನವರು, ಕಾರ್ಖಾನೆಯ ಮ್ಯಾನೇಜರು, ಕೆಟ್ಟ ಮನುಷ್ಯರಲ್ಲ.

"ಇಲ್ಲಿ ನೋಡು ಮಾರಾಯ. ಎಂತ ಇದು?"

ನೂರ ಏಳು ಹಸಿರು ಚುಕ್ಕೆಗಳು ಒಟ್ಟಿಗೇ ಕೆಂಪಾದವು. ನಾನು ಎದ್ದು ಗಾಜಿನ ಬಳಿ ಹೋಗಿ ಕೆಳಗೆ ನೋಡಿದೆ. ಅಷ್ಟೂ ಹೆಂಗಸರ ಎಡಗೈ ಬಟ್ಟೆ ಬಿಟ್ಟು ಪಕ್ಕಕ್ಕೆ ಚಾಚಿತ್ತು. ತೋರುಬೆರಳು ಹೆಬ್ಬೆರಳು ಕೂಡಿಕೊಂಡಿದ್ದವು. ಯಾರೂ ಕೈ ಕಡೆ ನೋಡುತ್ತಿರಲಿಲ್ಲ, ಕಣ್ಣು ಸೂಜಿಯ ಮೇಲೇ ಇತ್ತು. ಬಳೆಗಳು ಎಳೆದವು, ಕೈಗಳು ಬೆಚ್ಚಿ ಹಿಂದಕ್ಕೆ ಬಂದವು, ಹೊಲಿಗೆ ಮುಂದುವರಿಯಿತು. ಕಾಲು ಗಂಟೆ ಕಾದೆ. ಹದಿನೆಂಟು ಕಾಲರ್ ಆಯಿತು, ಮತ್ತೆ ಹಾಗೆಯೇ.

"ಕೆಳಗೆ ಎಲ್ಲ ದೇವೀರಮ್ಮ ಬಂದಿದ್ದಾಳೆ ಅಂತ ಹೇಳ್ತಾರಂತೆ. ಅವಳ ಮಿಷನ್ನಿಗೆ ಅರಿಶಿನ ಕುಂಕುಮ ಇಟ್ಟಿದ್ದಾರೆ, ನಾನೇ ಒರೆಸಿಸಿದೆ. ನನಗೆ ದೆವ್ವದ ಚಿಂತೆ ಇಲ್ಲ ಮಾದೇಶ್, ಶುಕ್ರವಾರದ ಚಿಂತೆ. ಈ ಅಚ್ಚು ಇನ್ನು ಆರು ಫ್ಯಾಕ್ಟರಿಗೆ ಹೋಗ್ಲಿಕ್ಕೆ ಉಂಟು. ಮೂರು ಸಾವಿರ ಕೈ. ದೋಷ ಇಲ್ಲ ಅಂತ ನೀನು ಸಹಿ ಹಾಕ್ಬೇಕು."

"ಏನು ಮಾಡೋದು ಸಾರ್?"

"ಎಳೆತ ಮೂರರಲ್ಲಿ ಉಂಟಲ್ಲ, ಐದಕ್ಕೆ ಏರಿಸು. ಕೈ ಹೇಗೆ ಹೊರಗೆ ಹೋಗ್ತದೆ ನೋಡುವ."

ಐದೆಂದರೆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ ಹಾಗೆ. ಬಿಡಿಸಿಕೊಳ್ಳಲು ಆಗುವುದಿಲ್ಲ. ಕೆಮ್ಮು ಬಂದರೂ ಕೈ ಬಾಯಿಗೆ ಬರುವುದಿಲ್ಲ. ನೋಡುತ್ತೇನೆ ಎಂದು ಹೇಳಿ ಬಂದೆ.

ಮರುದಿನ ಭಾನುವಾರ. ಜಯಶೀಲ ಅಡಿಗೆಮನೆಯ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಸಿಪ್ಪೆ ಒಂದು ಕಡೆ, ಬೇಳೆ ಪಾತ್ರೆಗೆ. ನಾನು ಬಾಗಿಲಲ್ಲಿ ಕೂತು ಪೇಪರ್ ಓದುತ್ತಿದ್ದೆ. ಬೇಳೆ ಪಾತ್ರೆಗೆ ಬೀಳುವ ಸದ್ದು ಒಂದೇ ಸಮ ಕೇಳುತ್ತಿತ್ತು, ಟಪ್ ಟಪ್ ಎಂದು. ಆ ಲಯ ನನಗೆ ಗೊತ್ತಿತ್ತು, ನಾನೇ ತಯಾರಿಸಿದ್ದು. ಅವಳ ಮಣಿಕಟ್ಟಿನಲ್ಲಿ ಬಳೆ ಇರಲಿಲ್ಲ, ಅದು ತೊಟ್ಟ ಜಾಗದಲ್ಲಿ ಬಿಳಿ ಗುರುತಷ್ಟೇ ಇತ್ತು.

ಸದ್ದು ಒಮ್ಮೆ ತಪ್ಪಿತು. ಪೇಪರ್ ಇಳಿಸಿ ನೋಡಿದೆ. ಅವಳ ಎಡಗೈ ಒಂದು ಬೇಳೆಯನ್ನು ಹಿಡಿದು ಪಕ್ಕಕ್ಕೆ ಹೋಗಿ, ಬರಿಯ ನೆಲದ ಮೇಲೆ ಅದನ್ನಿಟ್ಟು, ವಾಪಸು ಬಂತು. ಅವಳಿಗೆ ತಿಳಿದೇ ಇರಲಿಲ್ಲ. ನಾನು ಎಣಿಸಿದೆ. ಹದಿನೆಂಟಕ್ಕೆ ಇನ್ನೊಂದು ಬೇಳೆ ಅದರ ಪಕ್ಕಕ್ಕೆ ಬಂತು. ನೆಲದ ಮೇಲೆ ಆಗಲೇ ಹನ್ನೊಂದು ಬೇಳೆಗಳ ಸಾಲಿತ್ತು.

"ಏನೇ ಅದು?" ಎಂದೆ.

ಅವಳು ನೆಲ ನೋಡಿದಳು. ಕೈ ನೋಡಿಕೊಂಡಳು. ಬೇಳೆಗಳನ್ನು ಬಾಚಿ ಪಾತ್ರೆಗೆ ಹಾಕಿ, ಏನಿಲ್ಲ ಎಂದಳು.

ಸೋಮವಾರ ನಾನು ಹಳೆಯ ದಾಖಲೆ ತೆಗೆದೆ, ಶುದ್ಧ ಮಾಡುವ ಮುಂಚಿನದು. ಕತ್ತರಿಸಿದ ಜಾಗವನ್ನು ನೋಡುತ್ತಿದ್ದಂತೆ ನನ್ನ ತಪ್ಪು ಅರ್ಥವಾಯಿತು. ಕೈ ಹೊರಗೆ ಹೋದ ಮೂರು ಸೆಕೆಂಡನ್ನು ತೆಗೆದಿದ್ದೆ, ಆದರೆ ಹೋಗುವ ಮುಂಚೆ ಭುಜ ಸಿದ್ಧವಾಗುವುದನ್ನು, ಬಂದಮೇಲೆ ಮಣಿಕಟ್ಟು ಸಡಿಲವಾಗುವುದನ್ನು ತೆಗೆದಿರಲಿಲ್ಲ. ಅವು ಎಷ್ಟು ಸಣ್ಣವೆಂದರೆ ನನ್ನ ಗಡಿಯಾರಕ್ಕೆ ಸಿಕ್ಕಿರಲಿಲ್ಲ. ಆರು ತಿಂಗಳು ದಿನಾ ಕಾಲು ಗಂಟೆಗೊಮ್ಮೆ ನೂರ ಏಳು ಭುಜಗಳು ಎಲ್ಲಿಗೋ ಹೊರಡಲು ಸಿದ್ಧವಾಗಿ, ಹೋಗದೆ ಉಳಿದಿದ್ದವು. ಹಲ್ಲು ಕಿತ್ತ ಜಾಗಕ್ಕೆ ನಾಲಿಗೆ ಮತ್ತೆ ಮತ್ತೆ ಹೋಗುವುದಿಲ್ಲವೇ, ಹಾಗೆ ಆ ಕೈಗಳು ಇಲ್ಲದ ಚಲನೆಯನ್ನು ತಾವಾಗಿಯೇ ಹುಡುಕಿಕೊಂಡಿದ್ದವು.

ಇಷ್ಟು ತಿಳಿದು ನನಗೆ ಸಮಾಧಾನವಾಗಬೇಕಿತ್ತು. ದೆವ್ವವಲ್ಲ, ಸ್ನಾಯು. ಆದರೆ ದಾಖಲೆಯಲ್ಲಿ ಇನ್ನೊಂದು ವಿಷಯವಿತ್ತು. ಹೋಗುವಾಗ ದೇವೀರಮ್ಮನ ಬೆರಳು ಮುಚ್ಚಿತ್ತು, ಬರುವಾಗ ಬಿಚ್ಚಿತ್ತು. ಬೆನ್ನು ಕೆರೆದುಕೊಳ್ಳುವವಳು ಹಾಗೆ ಮಾಡುವುದಿಲ್ಲ. ಅವಳು ಏನನ್ನೋ ಹಿಡಿದುಕೊಂಡು ಹೋಗಿ ಎಡಗಡೆ ಇಟ್ಟು ಬರುತ್ತಿದ್ದಳು. ಅವಳ ಎಡಗಡೆ ಕೂತಿದ್ದವಳು ನನ್ನ ಹೆಂಡತಿ.

ಸಂಜೆ ಪಾಳಿ ಮುಗಿಸಿ ಬಂದ ಜಯಶೀಲ ಮುಖ ತೊಳೆದು ದೀಪ ಹಚ್ಚಿದಳು. ಕಾಫಿ ಕೊಟ್ಟಳು. ನಾನು ಲೋಟ ಹಿಡಿದುಕೊಂಡೇ ಕೇಳಿದೆ.

"ದೇವೀರಮ್ಮ ನಿನಗೆ ಏನು ಕೊಡ್ತಿದ್ಲು?"

ಅವಳು ಗೋಡೆಗೆ ಒರಗಿ ಕೂತಳು.

"ಗಡಿಯಾರದೋರ್ಗೆ ಹೇಳ್ಬಾರ್ದು ಅಂತ ನಮ್ಮಲ್ಲಿ ಆಣೆ ಐತೆ."

"ನಾನು ನಿನ್ನ ಗಂಡ."

"ಅಲ್ಲೂ ನೀವೇ ಅಲ್ವಾ ಕೂತಿದ್ದೋರು," ಎಂದಳು. ಕೋಪವಿರಲಿಲ್ಲ, ಅದಕ್ಕೇ ಚುಚ್ಚಿತು. "ಕಾಲರ್ ಕೊಡ್ತಿದ್ಲು. ನಮ್ ಸಾಲಲ್ಲಿ ಯಾರಾದ್ರೂ ಬಸ್ರಿ ಆದ್ರೆ ಮಡ್ಲಕ್ಕಿ ಆಕ್ತೀವಿ. ಅಕ್ಕಿ ಎಲ್ಲಿಂದ ತರಾನ, ಕಾಲರ್ರೇ. ಪಕ್ಕದೋಳು ತನ್ದು ಒಂದು ಹೊಲ್ದು ಇವಳ ಟ್ರೇಗೆ ಆಕ್ಬುಡದು. ಟ್ರೇ ತೂಕ ನೋಡ್ಕಂಡು ತಾನೆ ನೀವು ಲೆಕ್ಕ ಇಡದು. ಗಂಟೆಗೆ ಮೂರು ನಾಕು ಬಿದ್ರೆ ಸಾಕು, ಎದ್ದು ಓಗಿ ನೀರು ಕುಡ್ದು, ಬಚ್ಚಲಿಗೆ ಓಗಿ, ಸೊಂಟ ನೆಟ್ಟಗೆ ಮಾಡ್ಕಂಡು ಬರಬೋದು. ನಿಮಗೆ ಹೇಳಕ್ಕೆ ಮುಂಚೆನೇ ದೇವೀರಕ್ಕಂಗೆ ಗೊತ್ತಾಗಿತ್ತು. ಮೂರನೇ ತಿಂಗಳಿಂದ ನನ್ ಮಡಿಲು ತುಂಬಿದ್ಲು ಅವಳು. ನೀವು ಅಲ್ಲೇ ಕೂತಿದ್ರಿ."

"ಬಳೆ ಬಂದಮೇಲೆ?"

"ಬಳೆ ಬಂದ್ಮೇಲೆ ಕೈ ನಿಲ್ಲದೇ ಇಲ್ವಲ್ಲ. ಕೊಡಾನ ಅಂದ್ರೆ ಎಳೀತದೆ. ಅಕ್ಕ ಎಲ್ಡು ದಿನ ಎಳದಾಡುದ್ಲು, ಮಣಿಕಟ್ಟೆಲ್ಲ ಬಾವು ಬಂತು. ನನ್ನ ನೋಡ್ಕಂಡು ಅಳಾಳು. ನಾನು ಎದ್ರೆ ನಂದು ಕಮ್ಮಿ ಆಯ್ತಿತ್ತು. ಗಡಿಯಾರದಪ್ಪನ ಹೆಂಡ್ತಿದೇ ಕಮ್ಮಿ ಅಂತ ಬೋರ್ಡಲ್ಲಿ ಬರ್ಬಾರ್ದಲ್ಲ, ಅದಕ್ಕೆ ಏಳ್ಲಿಲ್ಲ."

ಕಾಫಿ ಆರಿಹೋಗಿತ್ತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಅದ್ರಿಂದ್ಲೇ ಓಯ್ತು ಅಂತ ನಾನೇಳಲ್ಲ. ಡಾಕ್ಟರೇ ಹೇಳವ್ರಲ್ಲ ಇದೆಲ್ಲ ಆಯ್ತದೆ ಅಂತ. ಆದ್ರೆ ಈಗ ನಮ್ ಸಾಲಲ್ಲಿ ಮುಬೀನಾಗೆ ನಾಕು ತಿಂಗ್ಳು. ಯಾರ್ಗೂ ಹೇಳಿಲ್ಲ ಅವಳು. ಶುಕ್ರವಾರದಿಂದ ಬಳೆ ಇನ್ನೂ ಬಿಗಿ ಮಾಡ್ತಾರಂತೆ, ನಿಜವಾ?"

ನನಗೆ ಅಳು ಬಂತು, ಆದರೆ ಅಳುವ ಹಕ್ಕು ಅವಳದು ಅನ್ನಿಸಿ ಎದ್ದು ಹೊರಗೆ ಹೋಗಿ ನಿಂತೆ.

ಸಲ್ಡಾನ ಸಾಹೇಬರಿಗೆ ಹೇಳಬಹುದಿತ್ತು. ಅವರು ಕನಿಕರ ಪಡುತ್ತಿದ್ದರು, ನಂಬುತ್ತಲೂ ಇದ್ದರು. ಆಮೇಲೆ ಮಡಿಲಕ್ಕಿಯ ಬಗ್ಗೆ ಒಂದು ಸುತ್ತೋಲೆ ಬರುತ್ತಿತ್ತು, ಒಂದು ನಮೂನೆ ಬರುತ್ತಿತ್ತು, ಬಸುರಿಯರ ಪಟ್ಟಿ ತಯಾರಾಗುತ್ತಿತ್ತು, ಆ ಪಟ್ಟಿಯಲ್ಲಿದ್ದವರು ಮೂರು ತಿಂಗಳಲ್ಲಿ ಯಾವುದೋ ನೆಪಕ್ಕೆ ಮನೆಗೆ ಹೋಗುತ್ತಿದ್ದರು. ಹದಿನಾಲ್ಕು ವರ್ಷ ಆ ಕುರ್ಚಿಯ ಪಕ್ಕದಲ್ಲೇ ಕೂತವನಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ. ಅಂಥ ಪಟ್ಟಿಗಳನ್ನು ನಾನೇ ಟೈಪ್ ಮಾಡಿದ್ದೇನೆ.

ಆ ಮೂರು ದಿನ ನಾನು ಮಾಡಿದ್ದು ಒಂದೇ ಕೆಲಸ. ಹಳೆಯ ದಾಖಲೆಯಿಂದ ದೇವೀರಮ್ಮನ ಮೂರು ಸೆಕೆಂಡನ್ನು ಎತ್ತಿ ಅಚ್ಚಿನಲ್ಲಿ ಅದರ ಜಾಗಕ್ಕೆ ಕೂರಿಸಿದೆ. ಸಲೀಸಾಗಿ ಕೂತಿತು. ಎಳೆತವನ್ನು ಮೂರರಲ್ಲೇ ಬಿಟ್ಟೆ. ಕೈ ಪಕ್ಕಕ್ಕೆ ಹೋಗುವುದೇ ಅಚ್ಚಿನ ಭಾಗವಾದರೆ ಅದು ಅಡ್ಡಗೈ ಆಗುವುದಿಲ್ಲ, ಕೆಂಪು ಚುಕ್ಕೆ ಮೂಡುವುದಿಲ್ಲ. ಯಾರೂ ಸುಳ್ಳು ಹೇಳಬೇಕಾಗಿರಲಿಲ್ಲ.

ಗುರುವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಜಯಶೀಲಳಿಗೆ ಹೇಳಿದೆ. "ನಾಳೆಯಿಂದ ಎಲ್ಲರ ಕೈಯೂ ಎಡಕ್ಕೆ ಒಂದು ಕೊಡ್ತದೆ. ಬಲಗಡೆಯಿಂದ ಒಂದು ಬರ್ತದೆ. ನಡುವಿನವರಿಗೆ ಹೋಗಿದ್ದೂ ಬಂದಿದ್ದೂ ಸರಿ. ಎಡತುದಿಯಲ್ಲಿ ಕೂತವಳಿಗೆ ಮಾತ್ರ ಉಳೀತದೆ."

"ಬಲತುದಿಯೋಳ್ಗೆ?"

"ಅವಳದು ಹೋಗ್ತದೆ. ಬರೋದಿಲ್ಲ."

ದೇವೀರಮ್ಮನ ಯಂತ್ರ ಖಾಲಿ ಇದ್ದದ್ದರಿಂದ ಮೂರನೆಯ ಸಾಲಿನ ಬಲತುದಿ ಈಗ ಅವಳೇ. ಅವಳು ಒಂದು ಕ್ಷಣ ನನ್ನನ್ನು ನೋಡಿದಳು, ಆಮೇಲೆ ಎಲ್ರಿಗೂ ಹೇಳ್ತೀನಿ ಎಂದು ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೋದಳು.

ಶುಕ್ರವಾರ ಎಂಟಕ್ಕೆ ಪಾಳಿಯ ಗಂಟೆ ಹೊಡೆಯಿತು. ಗಾಜಿನ ಕೋಣೆಯಲ್ಲಿ ನಾನು, ಸಲ್ಡಾನ ಸಾಹೇಬರು, ಮೇಜಿನ ಮೇಲೆ ಸಹಿಗೆ ಕಾದಿದ್ದ ಕಾಗದ. ಕೆಳಗೆ ಮೂರನೆಯ ಸಾಲಿನಲ್ಲಿ ಮುಬೀನಾ ಒಂಬತ್ತನೆಯ ಯಂತ್ರದಿಂದ ಎದ್ದು ಎಡತುದಿಯ ಹದಿನೆಂಟನೆಯದಕ್ಕೆ ಹೋಗಿ ಕೂತಳು. ಅಲ್ಲಿದ್ದವಳು ಒಂಬತ್ತಕ್ಕೆ ಬಂದಳು. ಬೇರೆ ಸಾಲುಗಳಲ್ಲೂ ಒಬ್ಬಿಬ್ಬರು ಜಾಗ ಬದಲಿಸಿದರು. ಎರಡನೆಯ ಸಾಲಿನ ಎಡತುದಿಗೆ ಹೋದವಳು ಬಸುರಿಯಲ್ಲ, ಗಂಡ ಸತ್ತು ತಿಂಗಳಾಗಿದ್ದವಳು.

ಕಾಲು ಗಂಟೆಗೆ ನೂರ ಏಳು ಎಡಗೈಗಳು ಬಟ್ಟೆ ಬಿಟ್ಟು ಪಕ್ಕಕ್ಕೆ ಹೋದವು. ಈ ಸಲ ಒಂದೊಂದು ಕೈಯಲ್ಲೂ ಒಂದೊಂದು ಕಾಲರ್ ಇತ್ತು. ಪಕ್ಕದ ಟ್ರೇಗೆ ಅದನ್ನಿಟ್ಟು ಬೆರಳು ಬಿಚ್ಚಿಕೊಂಡು ವಾಪಸು ಬಂದವು. ಎಳೆತವಿಲ್ಲ, ಬೆಚ್ಚಿದ್ದಿಲ್ಲ. ಎಡಕ್ಕೆ ಯಾರೂ ಇಲ್ಲದ ಮುಬೀನಾ ತನ್ನ ಕಾಲರನ್ನು ತನ್ನ ಟ್ರೇಯಲ್ಲೇ ಇಟ್ಟುಕೊಂಡಳು. ದೇವೀರಮ್ಮನ ಯಂತ್ರದ ಹೊದಿಕೆಯ ಮೇಲೆ ಮತ್ತೆ ಯಾರೋ ಕುಂಕುಮ ಇಟ್ಟಿದ್ದರು.

"ಕೆಂಪು ಇಲ್ಲ," ಎಂದರು ಸಾಹೇಬರು. "ಆದರೆ ಕೈ ಹೋಗ್ತಾ ಉಂಟಲ್ಲ ಮಾರಾಯ?"

"ಕೈಗೆ ಅಷ್ಟು ಬಿಡುವು ಬೇಕು ಸಾರ್. ಕಾಲು ಗಂಟೆಗೆ ಮೂರು ಸೆಕೆಂಡು. ಕೊಡದಿದ್ರೆ ಸ್ನಾಯು ಕೆಡ್ತದೆ, ಮೊದಲ ಅಚ್ಚಿನಲ್ಲಿ ಅದು ನನ್ನ ತಪ್ಪು."

ಅವರು ಸಾಲುಗಳ ಸರಾಸರಿ ನೋಡಿದರು, ಎಪ್ಪತ್ತೊಂದು ಎಪ್ಪತ್ತೊಂದೇ ಇತ್ತು. ನಾನು ಸಹಿ ಹಾಕಿದೆ. ಆ ಮಧ್ಯಾಹ್ನವೇ ದೇವೀರಮ್ಮನ ಕೈ ಇನ್ನು ಆರು ಊರಿಗೆ ಹೋಯಿತು. ಅದಕ್ಕೂ ಮುಂಚೆ, ಹತ್ತೂವರೆಗೆ, ಮುಬೀನಾ ಎದ್ದು ನೀರು ಕುಡಿಯಲು ಹೋಗಿದ್ದಳು. ಹೋಗಿ ಬರಲು ಆರು ನಿಮಿಷವಾಯಿತು, ನಾನು ಅಳೆಯಬಾರದೆಂದುಕೊಂಡೂ ಅಳೆದೆ. ಹದಿನೆಂಟನೆಯ ಯಂತ್ರದ ಲೆಕ್ಕದಲ್ಲಿ ಒಂದೂ ಕಮ್ಮಿಯಾಗಿರಲಿಲ್ಲ.

ಭಾನುವಾರ ಮತ್ತೆ ಅವರೆಕಾಳು. ಜಯಶೀಲ ಅದೇ ಜಾಗದಲ್ಲಿ ಕೂತು ಹಿತುಕುತ್ತಿದ್ದಳು. ನಾನು ಈ ಸಲ ಬಾಗಿಲಲ್ಲಿ ಕೂರಲಿಲ್ಲ. ಒಳಗೆ ಹೋಗಿ ಅವಳ ಎಡಕ್ಕೆ ನೆಲದ ಮೇಲೆ ಕೂತೆ. ಬೇಳೆ ಬೀಳುವ ಸದ್ದನ್ನು ಎಣಿಸುತ್ತ ಹೋದೆ. ಹದಿನೇಳಾಯಿತು. ಅವಳ ಭುಜ ಸ್ವಲ್ಪ ಎದ್ದದ್ದು ಕಂಡಿತು. ನಾನು ಅಂಗೈ ಬಿಚ್ಚಿ ನೆಲದ ಮೇಲೆ ಚಾಚಿದೆ.

ಅವಳ ಕೈ ಬೇಳೆ ಹಿಡಿದು ಬಂತು. ನನ್ನ ಅಂಗೈಯ ಮೇಲೆ ನಿಂತಿತು. ಅವಳು ತಲೆ ತಿರುಗಿಸಿ ನೋಡಿದಳು, ಈ ಸಲ ಅವಳಿಗೆ ತಿಳಿದಿತ್ತು.

"ಇದು ಮಡ್ಲಕ್ಕಿ, ನಿಮ್ಗಲ್ಲ ಕಣ್ರೀ," ಎಂದಳು ಮೆಲ್ಲಗೆ.

ಬೇಳೆಯನ್ನು ನನ್ನ ಕೈಯ ಪಕ್ಕದಲ್ಲಿ, ಬರಿಯ ನೆಲದ ಮೇಲೆ ಇಟ್ಟಳು. ನಾನು ಕೈ ಹಿಂದಕ್ಕೆ ತೆಗೆದುಕೊಂಡು, ಆ ಜಾಗವನ್ನು ಬಿಟ್ಟು ಸ್ವಲ್ಪ ಆಚೆಗೆ ಸರಿದು ಕೂತೆ.